ಗುಡವಿಗೆ ಅಪ್ಪನ ಜೊತೆ: ಯಾವ ಬೈನಾಕ್ಯುಲರ್ ತಗೊಳ್ಳಲಿ?

ಹೊಸಬ: ಆಗಸ್ಟ್‌ನಲ್ಲಿ ಅಪ್ಪನನ್ನು ಸೊರಬದ ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಬೇಕು. ಅವರಿಗೆ ಮಂಡಿ ನೋವು. ಬೈನಾಕ್ಯುಲರ್ 8 ಇಂಟು 42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಎಂಎಂ ಇರುವುದು) ಸಾಕಾ, 10 ಇಂಟು 50 ಬೇಕಾ? ಅನುಭವ ಇದ್ದವರು ಹೇಳಿ.

ಮಲೆನಾಡ ಮಳೆ: 10 ಇಂಟು 50 ತಗೊಂಡು ಕೈ ಸುಟ್ಟುಕೊಂಡವನು ನಾನು. 14,600 ರೂಪಾಯಿ. ತೂಕ ಕಿಲೋ ಹತ್ತಿರ. ಹತ್ತು ನಿಮಿಷ ಹಿಡಿದರೆ ಕೈ ನಡುಗಿ ಕೆಂಬರಲು ಹಕ್ಕಿ ಕೊಂಬೆ ಮೇಲೆ ಕುಣಿಯುತ್ತಿತ್ತು! ಜೂನ್‌ನಲ್ಲಿ ಬೀರುವಿನಲ್ಲಿಟ್ಟೆ. ದಸರಾ ಹೊತ್ತಿಗೆ ಗಾಜಿನೊಳಗೆ ಜೇಡರ ಬಲೆ ಥರ ಬೂಷ್ಟು. ಕೊರಿಯರ್‌ಗೆ 380, ಬಿಚ್ಚಿ ಒರೆಸಿದ್ದಕ್ಕೆ 2,200. ವಾಪಸ್ ಬಂದಮೇಲೆ ಒಂದು ಹಕ್ಕಿ ಎರಡಾಗಿ ಕಾಣುತ್ತೆ. ಈಗ 8 ಇಂಟು 42 ಇದೆ. ಬಿಗಿ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ. ಹೆಂಡತಿಗೂ ಮುಟ್ಟಲು ಬಿಡುವುದಿಲ್ಲ.

ಸೊರಬದ ಸೊಸೆ: ಬೈನಾಕ್ಯುಲರ್ ಯಾಕ್ರೀ? ಮಳೆಗಾಲದಲ್ಲಿ ನೀರೊಳಗಿನ ಮರಗಳ ತುಂಬಾ ಗೂಡು, ಬರಿಗಣ್ಣಿಗೇ ಕಾಣುತ್ತವೆ. ಇಂಬಳದ (ರಕ್ತ ಹೀರುವ ಜಿಗಣೆ) ಬಗ್ಗೆ ಯೋಚನೆ ಮಾಡಿ. ಉಪ್ಪು, ಹೊಗೆಸೊಪ್ಪು ಎಲ್ಲಾ ಹಚ್ಚಿದ್ದೆವು. ಆದ್ರೂ ನಮ್ಮ ಯಜಮಾನರ ಕಾಲ್ಚೀಲದಲ್ಲಿ ಏಳು ಸಿಕ್ಕವು. ಹೊಸ ಬಿಳಿ ಕಾಲ್ಚೀಲ, 240 ರೂಪಾಯಿ. ಕಲೆ ಇನ್ನೂ ಹೋಗಿಲ್ಲ.

ಮಂಡ್ಯ ಹೈದ: ಇಷ್ಟೆಲ್ಲಾ ಯಾಕೆ? ರಂಗನತಿಟ್ಟಿಗೆ ಬನ್ನಿ. ಇಂಬಳ ಇಲ್ಲ, ದೋಣಿಯಲ್ಲಿ ಸುಮ್ನೆ ಕೂತರೆ ಸಾಕು. ನಾನು 600 ಎಂಎಂ ಲೆನ್ಸ್ ತಗೊಂಡೆ. ತಿಂಗಳಿಗೆ 4,850 ಕಂತು, ಇನ್ನೂ ಹದಿನೇಳು ಬಾಕಿ. ಬಣ್ಣದ ಕೊಕ್ಕರೆ ಮರಿಗಳಿಗಾಗಿ ಗೂಡಿನೊಳಗೆ ಮೀನು ಕಕ್ಕುವ ಫೋಟೊ ಸಿಕ್ಕಿತು. ಒಂದು ರೂಪಾಯಿನೂ ದಂಡ ಅನ್ನಿಸಿಲ್ಲ.

ಸೊರಬದ ಸೊಸೆ: ಅವರು ಕೇಳಿದ್ದು ಆಗಸ್ಟ್. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ನಿಮ್ಮ ದೋಣಿ ನಿಲ್ಲಿಸುತ್ತಾರೆ. ನಾವು ಇಲ್ಲಿಂದ ಅಲ್ಲಿವರೆಗೂ ಹೋಗಿ ಬೋಂಡ ತಿಂದು ವಾಪಸ್ ಬಂದಿದ್ದೇವೆ.

ಮಂಡ್ಯ ಹೈದ: ಹೊರಡೋ ಮುಂಚೆ ಫೋನ್ ಮಾಡಿ ಕೇಳಬೇಕಿತ್ತು. ಅದಕ್ಕೆ ನಮ್ಮ ಊರನ್ನು ಬೈದರೆ?

ಹಾವಕ್ಕಿ: ಹೈದ ಅವರೇ, ಉದ್ದ ಲೆನ್ಸಿನವರು ಗುಡವಿಗೆ ಬರದಿರುವುದೇ ಪುಣ್ಯ. ಹೋದ ನವೆಂಬರ್‌ನಲ್ಲಿ ಒಂದು ಗುಂಪು ಫೋಟೊಗೆ ಹಕ್ಕಿ ಹತ್ತಿರ ಬರಲಿ ಅಂತ ಕಾಡಂಚಿನಲ್ಲಿ ಮೊಬೈಲ್‌ನಿಂದ ರಾಜಹಕ್ಕಿಯ ಕೂಗು ಹಾಕುತ್ತಾ ಮುಕ್ಕಾಲು ಗಂಟೆ ಕೂತಿತ್ತು. ಪಾಪ, ಅದು ಮೇವು ಬಿಟ್ಟು ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು.

ಮಂಡ್ಯ ಹೈದ: ನಾನು ಇವತ್ತಿನವರೆಗೆ ಕೂಗು ಹಾಕಿಲ್ಲ. ನೀವು ಹಿಂದೆ ಇಲ್ಲಿ ಇರುಳು ಬಕದ ಮರಿ ಅಂತ ಹಾಕಿದ ಫೋಟೊ ಕೊಳದ ಬಕದ್ದು. ಮೊದಲು ಅದನ್ನು ತಿದ್ದಿ.

ಹಾವಕ್ಕಿ: ಇರುಳು ಬಕದ ಮರಿಗೆ ರೆಕ್ಕೆ ಮೇಲೆ ಬಿಳಿ ಚುಕ್ಕೆ ಇರುತ್ತವೆ. ಫೋಟೊದಲ್ಲಿ ಇವೆ. ಹದಿನೇಳು ಕಂತಿನ ಲೆನ್ಸ್ ಇದೆಯಲ್ವಾ, ಹಾಕಿಕೊಂಡು ನೋಡಿ.