ಗುರುತಿನ ಚೀಟಿಯ ‘ಒಳಗುರುತು’: ಈ ಪದ ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ.

ಶಿರಸಿಯ ಒಂದು ಸಹಕಾರಿ ಸಂಘದವರು ಕೌಂಟರಿನಲ್ಲಿ ಕೂರುವ ಹುಡುಗರಿಗೆ ಹಂಚಲು ಎರಡು ಪುಟ ಬರೆದುಕೊಡಿ ಅಂದರು. ಸಾಲಕ್ಕೆ, ಖಾತೆಗೆ ಬರುವವರು ಕೊಡುವ ಗುರುತಿನ ಚೀಟಿ ಅಸಲಿಯೋ ಖೊಟ್ಟಿಯೋ ಅಂತ ನೋಡುವುದು ಹೇಗೆ ಅನ್ನುವುದೇ ವಿಷಯ. ನಾನು ಬಹಳ ಗಂಭೀರವಾಗಿ ‘ಗುಪ್ತ ಭದ್ರತಾ ಲಕ್ಷಣಗಳು’ ಅಂತ ತಲೆಬರಹ ಕೊಟ್ಟೆ. ಓದಿದ ಮೊದಲ ಹುಡುಗನೇ ಕೇಳಿದ: “ಗುಪ್ತ ಅಂದಮೇಲೆ ನಾವು ನೋಡಬಾರದು ಅಲ್ವಾ ಸರ್?” ಅಲ್ಲಿಗೆ ಆ ತಲೆಬರಹ ಹೊಡೆದುಹಾಕಿದೆ.

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಇವು ಮುಚ್ಚಿಟ್ಟವಲ್ಲ. ಸುಮ್ನೆ ನೋಡಿದರೆ ಕಾಣುವುದಿಲ್ಲ, ಹೀಗೆ ನೋಡು ಅಂತ ಗೊತ್ತಿದ್ದರೆ ಕಾಣುತ್ತವೆ, ಅಷ್ಟೆ. ಕೆಲವಕ್ಕೆ ಚೀಟಿಯನ್ನು ವಾಲಿಸಿದರೆ ಸಾಕು, ಕೆಲವಕ್ಕೆ ಭೂತಗನ್ನಡಿ ಬೇಕು, ಕೆಲವಕ್ಕೆ ನೋಟು ಪರೀಕ್ಷೆ ಮಾಡುವ ನೀಲಿ ದೀಪ ಬೇಕು. ಪ್ರಯೋಗಾಲಯದಲ್ಲಷ್ಟೇ ತಿಳಿಯುವವೂ ಇವೆ, ಅವು ನಮ್ಮ ಕೌಂಟರಿಗೆ ಬೇಡ.

ನನಗೆ ತೋಚಿದ ಪದ ‘ಒಳಗುರುತು’. ನಮ್ಮ ಮನೆಯ ದೊಡ್ಡ ಹಂಡೆ, ಪಾತ್ರೆಗಳು ಊರಿನ ಎಲ್ಲ ಮದುವೆ ಮುಂಜಿಗೂ ಹೋಗಿ ಬರುತ್ತಿದ್ದವು. ಅಂಚಿನ ಮೇಲೆ ಅಜ್ಜನ ಹೆಸರು ಕೊರೆಸಿತ್ತು, ಅದು ಎಲ್ಲರಿಗೂ ಕಾಣುವ ಗುರುತು. ಆಯಿ ಮಾತ್ರ ಹೆಸರು ನೋಡುತ್ತಿರಲಿಲ್ಲ. ಹಿಡಿಕೆಯ ಕೆಳಗೆ ಬೆರಳು ಹಾಕಿ, ಅಲ್ಲಿ ಒಂದು ಸಣ್ಣ ಕಚ್ಚು ಸಿಕ್ಕಿದರೆ “ಹೌದು, ನಮ್ಮದೇ” ಅನ್ನುತ್ತಿದ್ದಳು. ಚೀಟಿಯಲ್ಲಿ ಇರುವುದೂ ಇಂಥದ್ದೇ ಕಚ್ಚು. ಮನುಷ್ಯನ ಗುರುತು ಹಿಡಿಯಲು ಚೀಟಿ, ಆ ಚೀಟಿಯ ಗುರುತು ಹಿಡಿಯಲು ಇನ್ನೊಂದು ಗುರುತು. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಇರುವುದು ಇಲ್ಲಿ ಅನುಕೂಲವೇ ಆಯಿತು ಅನ್ನಿಸುತ್ತದೆ.

ಇನ್ನು ಒಂದೊಂದರ ಹೆಸರು. 2020ರಲ್ಲಿ 50 ರೂಪಾಯಿಗೆ ಬಂತಲ್ಲ, ಆ ಪಿವಿಸಿ ಆಧಾರ್ ಕಾರ್ಡನ್ನೇ ಎದುರಿಗೆ ಇಟ್ಟುಕೊಂಡು ಕೂತೆ. ಹೊಲೋಗ್ರಾಂ, ಕ್ಯೂಆರ್ ಕೋಡ್ ಹಾಗೇ ಇರಲಿ, ಎಲ್ಲರ ಬಾಯಲ್ಲೂ ಇವೆ. ಉಬ್ಬಚ್ಚು ಇದ್ದೇ ಇದೆ. ಕಷ್ಟ ಕೊಟ್ಟದ್ದು ‘ಘೋಸ್ಟ್ ಇಮೇಜ್’. ದೊಡ್ಡ ಫೋಟೋದ ಪಕ್ಕದಲ್ಲಿ ಅದೇ ಮುಖ ಚಿಕ್ಕದಾಗಿ, ಮಸುಕಾಗಿ ಇನ್ನೊಮ್ಮೆ ಅಚ್ಚಾಗಿರುತ್ತದೆ. ಯಾರಾದರೂ ಫೋಟೋ ಬದಲಿಸಿದರೆ ಎರಡನ್ನೂ ಬದಲಿಸಬೇಕು, ಅದೇ ಅದರ ಉಪಾಯ. ‘ಭೂತಚಿತ್ರ’ ಅಂತ ಬರೆದರೆ ಕರಾವಳಿಯಲ್ಲಿ ಅರ್ಥ ಬೇರೆಯೇ ಆಗುತ್ತದೆ. ‘ನೆರಳುಚಿತ್ರ’ ಅಂದುಕೊಂಡೆ, ಆಮೇಲೆ ಹೊಳೆಯಿತು, ಛಾಯಾಚಿತ್ರ ಅಂದರೂ ಅದೇ ತಾನೇ! ಕೊನೆಗೆ ಅದೇ ಹುಡುಗ ‘ಮರಿಫೋಟೋ’ ಅಂದ. ನನಗಂತೂ ಹಿಡಿಸಿತು.

‘ಗಿಲೋಶ್’ ಅಂತ ಇನ್ನೊಂದಿದೆ. ಹಿನ್ನೆಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡು ಹೋಗಿರುತ್ತವಲ್ಲ, ಅದು. ಅಸಲಿಯಲ್ಲಿ ಗೆರೆ ಕಡಿಯದೆ ಹರಿಯುತ್ತದೆ, ಸ್ಕ್ಯಾನ್ ಮಾಡಿ ಮಾಮೂಲಿ ಪ್ರಿಂಟರಿನಲ್ಲಿ ತೆಗೆದರೆ ಗಾಜಿನಡಿ ಬಣ್ಣದ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ನಮ್ಮಲ್ಲಿ ದೀವರ ಹೆಂಗಸರು ಪುಂಡಿನಾರಿನ ಕುಂಚದಿಂದ ಗೋಡೆಯ ಮೇಲೆ ಬರೆಯುವ ಚಿತ್ತಾರ ನೆನಪಾಗಿ ‘ಚಿತ್ತಾರಗೆರೆ’ ಅಂತ ಬರೆದೆ. ಚಿತ್ತಾರದಲ್ಲಿ ನೇರ ಗೆರೆಯೇ ಜಾಸ್ತಿ, ಇದರಲ್ಲಿ ಬಳುಕು ಜಾಸ್ತಿ, ಆ ತಕರಾರು ಬಂದರೆ ಒಪ್ಪುತ್ತೇನೆ.

ಬರಿಗಣ್ಣಿಗೆ ಗೆರೆಯಂತೆ ಕಂಡು, ಗಾಜು ಹಿಡಿದರೆ ಅಕ್ಷರವಾಗುವ ಮೈಕ್ರೋಟೆಕ್ಸ್ಟಿಗೆ ‘ಸಾಸಿವೆ ಅಕ್ಷರ’. ಸೂಕ್ಷ್ಮಾಕ್ಷರ ಅಂತಲೂ ಹೇಳಬಹುದು, ಆದರೆ ಸಾಸಿವೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

ವಾಟರ್‌ಮಾರ್ಕ್ ವಿಷಯದಲ್ಲಿ ಗೊಂದಲ ಇದೆ. ಕಾಗದ ಇನ್ನೂ ಹಸಿಯಾಗಿರುವಾಗಲೇ ಕೆಲವು ಕಡೆ ತೆಳು, ಕೆಲವು ಕಡೆ ದಪ್ಪ ಮಾಡುವುದು ನಿಜವಾದ ವಾಟರ್‌ಮಾರ್ಕ್. ಇಟಲಿಯ ಫಾಬ್ರಿಯಾನೋದಲ್ಲಿ 13ನೇ ಶತಮಾನದಲ್ಲೇ ಇತ್ತು. ನೋಟನ್ನು ಬೆಳಕಿಗೆ ಹಿಡಿದಾಗ ಮೂಡುವ ಗಾಂಧಿ ಮುಖವೂ ಅದೇ. ಬೆಳಕಿಗೆ ಹಿಡಿಯದಿದ್ದರೆ ಕಾಣಬಾರದು. ಈಗಿನವರಿಗೆ ವಾಟರ್‌ಮಾರ್ಕ್ ಅಂದರೆ ಫೋನಿನ ಫೋಟೋ ಮೇಲೆ ಢಾಳಾಗಿ ಬಿದ್ದಿರುವ ಹೆಸರು! ಅರ್ಥ ಪೂರಾ ಉಲ್ಟಾ ಆಗಿದೆ. ಹಾಗಾಗಿ ಕಾಗದದ್ದಕ್ಕೆ ಮಾತ್ರ ‘ನೀರುಗುರುತು’ ಅಂತ ಇಟ್ಟುಕೊಂಡಿದ್ದೇನೆ.

ಮಸಿಯೇ ಇಲ್ಲದ ಒಳಗುರುತೂ ಒಂದಿದೆ. ಆಧಾರ್‌ನ 12 ಅಂಕೆಗಳಲ್ಲಿ ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಬಂದದ್ದು. ಬೆರಳು ತಪ್ಪಿ ಒಂದು ಅಂಕೆ ಬದಲಾದರೆ, ಅಕ್ಕಪಕ್ಕದ ಎರಡು ಹಿಂದೆ ಮುಂದೆ ಆದರೆ, ಲೆಕ್ಕ ಕೂಡುವುದಿಲ್ಲ. ತಪ್ಪು ಹಿಡಿಯಲಿಕ್ಕೇ ಇದು ಮುಖ್ಯವಾಗಿ ಇರುವುದು, ಲೆಕ್ಕ ಬಲ್ಲ ಕಳ್ಳನನ್ನು ತಡೆಯುವುದಿಲ್ಲ. ‘ತಾಳೆ ಅಂಕೆ’ ಅಂದಿದ್ದೇನೆ.

ಇನ್ನೊಂದು ತಮಾಷೆ. ಮೊದಲ ಕರಡಿನಲ್ಲಿ ‘ನಕಲಿ ಚೀಟಿ’ ಅಂತ ಇತ್ತು. ಸಂಘದ ಹಳೆಯ ಗುಮಾಸ್ತರೊಬ್ಬರು, ತಮ್ಮ ಕಾಲವೆಲ್ಲ ಕಚೇರಿಯಿಂದ ‘ನಕಲು’ ತಂದೇ ಕಳೆದವರು, ಅದನ್ನು ತೆಗೆಸಿದರು. ನಕಲು ಅಂದರೆ ಮೊಹರು ಹಾಕಿ ಕೊಟ್ಟ ನಂಬುವ ಪ್ರತಿ, ನಕಲಿ ಅಂದರೆ ಮೋಸ, ನಡುವೆ ಇರುವುದು ಒಂದು ಗುಡಿಸು ಮಾತ್ರ! ಎರಡೂ ಒಂದೇ ಅರಬ್ಬಿ ಮೂಲದವು. “ಖೊಟ್ಟಿ ಅಂತ ಬರೀರಿ, ಯಾರಿಗೂ ಸಂಶಯ ಬರೋದಿಲ್ಲ” ಅಂದರು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಕಡೆಗಿತ್ತು, ಮರಾಠಿಯ ಖೋಟಾ ಹೀಗೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮೈಸೂರು ಕಡೆಯವರಿಗೆ ಖೋಟಾ ನೋಟು ಗೊತ್ತು, ಖೊಟ್ಟಿ ಚೀಟಿ ಅಂದರೆ ತಿಳಿಯುತ್ತದಾ?

ನನಗೆ ಬೇಕಾದದ್ದು ಎರಡು. ಒಂದು, ‘ಒಳಗುರುತು’ ನಿಮ್ಮ ಕಡೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿ ಇದೆಯಾ? ಅಡಿಕೆ ಮಂಡಿಯಲ್ಲಿ, ಚಿನಿವಾರರಲ್ಲಿ, ದೋಣಿ ಬಲೆಗಳಿಗೆ ಗುರುತು ಹಾಕುವ ಕಾರವಾರ, ಅಂಕೋಲಾದ ಮೀನುಗಾರರಲ್ಲಿ ಇಂಥ ಕಣ್ಣಿಗೆ ಬೀಳದ ಗುರುತಿಗೆ ಹೆಸರಿದ್ದರೆ ತಿಳಿಸಿ, ಕೊಂಕಣಿ ಪದವಾದರೂ ನಡೆಯುತ್ತದೆ. ಎರಡು, ನೀಲಿ ದೀಪದಡಿ ಮಾತ್ರ ಹೊಳೆಯುವ ಮಸಿಗೆ ಏನನ್ನುವುದು? ‘ಮಿಂಚುಮಸಿ’ ಅಂದರೆ ಹಗಲಲ್ಲೂ ಮಿಂಚಬೇಕು ಅನ್ನಿಸುತ್ತದೆ. ಪುಟ ಸೋಮವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ಉಪಕಾರ.