ಪದಚರ್ಚೆ: ಅಮೆರಿಕನ್ ಫುಟ್‌ಬಾಲಿನ ‘ಆಂಕರ್’ ಗುಣಕ್ಕೆ ಕನ್ನಡದಲ್ಲಿ ಏನೆನ್ನಬಹುದು?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಓದುಗರಿಗಾಗಿ, ಅಲ್ಲಿನ ಕಾಲೇಜು ಫುಟ್‌ಬಾಲ್ ಆಟಗಾರರನ್ನು ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್) ತಂಡಗಳು ಹೇಗೆ ಅಳೆದು ತೂಗಿ ಆರಿಸಿಕೊಳ್ಳುತ್ತವೆ ಎಂಬುದರ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕನ ಬಗ್ಗೆ ಬರೆಯುವುದು ಕಷ್ಟವಾಗಲಿಲ್ಲ. ಅವನ ಮುಂದೆ ಸಾಲಾಗಿ ನಿಂತು, ಎದುರಾಳಿಗಳು ಅವನ ಮೇಲೆ ಎರಗದಂತೆ ತಡೆಯುವ ಐವರ ಬಗ್ಗೆ, ಅಂದರೆ ನಡುವಿನ ಸೆಂಟರ್, ಅವನ ಎಡಬಲದ ಗಾರ್ಡ್‌ಗಳು ಮತ್ತು ಎರಡು ತುದಿಗಳ ಟ್ಯಾಕಲ್‌ಗಳ ಬಗ್ಗೆ ಬರೆಯಲು ಹೊರಟಾಗ ಪದಗಳ ತೊಡಕು ಎದುರಾಗಿದೆ.

ಕೆಲವನ್ನು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಈ ಆಯ್ಕೆಗಿರುವ ‘ಡ್ರಾಫ್ಟ್’ ಎಂಬ ಹೆಸರನ್ನು ಯಂತ್ರಾನುವಾದಗಳು ‘ಕರಡು’ ಮಾಡುವುದನ್ನು ನೋಡಿ ನಗು ಬಂದಿತು. ಐಪಿಎಲ್ ನೆನಪಿನಲ್ಲಿ ‘ಹರಾಜು’ ಎಂದರೂ ತಪ್ಪಾಗುತ್ತದೆ, ಏಕೆಂದರೆ ಅಲ್ಲಿ ಯಾರೂ ಬೆಲೆ ಕೂಗುವುದಿಲ್ಲ, 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆಟಗಾರರನ್ನು ಹೆಸರಿಸುತ್ತವೆ. ಹಾಗಾಗಿ ಡ್ರಾಫ್ಟ್ ಎಂದೇ ಉಳಿಸಿಕೊಂಡಿದ್ದೇನೆ. ಮುಂದೆ ಸಾಲಾಗಿ ನಿಲ್ಲುವ ಆ ಐವರಿಗಿರುವ ‘ಲೈನ್‌ಮನ್’ ಎಂಬ ಹೆಸರು ಕೇಳಿದರೆ ನಮ್ಮವರಿಗೆ ವಿದ್ಯುತ್ ಕಂಬ ಹತ್ತುವವನೇ ಕಣ್ಣ ಮುಂದೆ ಬರುತ್ತಾನೆ (ಇಲಾಖೆ ಅವನನ್ನು ಪವರ್‌ಮ್ಯಾನ್ ಎಂದು ಕರೆಯತೊಡಗಿದ ಮೇಲೂ ಜನರ ಬಾಯಲ್ಲಿ ಹಳೆಯ ಹೆಸರೇ ಇದೆ), ಆದ್ದರಿಂದ ‘ಮುಂಚೂಣಿಯ ತಡೆಗಾರ’ ಎಂದು ಬರೆದಿದ್ದೇನೆ. ‘ಟ್ಯಾಕಲ್’ ಎಂದರೆ ಕಬಡ್ಡಿ ನೋಡುವವರಿಗೆ ರೈಡರನ್ನು ಹಿಡಿದು ಕೆಡಹುವುದು. ಇಲ್ಲಿನ ಟ್ಯಾಕಲ್ ಯಾರನ್ನೂ ಹಿಡಿದು ಕೆಡಹುವಂತಿಲ್ಲ, ಹಿಡಿದರೆ ದಂಡ ಬೀಳುತ್ತದೆ. ಅದು ಸ್ಥಾನದ ಹೆಸರಾದ್ದರಿಂದ ಒಂದು ಸಾಲಿನ ವಿವರಣೆಯೊಂದಿಗೆ ಹಾಗೆಯೇ ಬಿಟ್ಟಿದ್ದೇನೆ.

ಬಗೆಹರಿಯದೆ ಉಳಿದಿರುವುದು ‘ಆಂಕರ್’. ತಡೆಗಾರರ ಕುರಿತ ಯಾವುದೇ ಪರಿಶೀಲನಾ ವರದಿಯನ್ನು (ಸ್ಕೌಟಿಂಗ್ ರಿಪೋರ್ಟ್) ತೆರೆದರೂ ಈ ಪದ ಎದುರಾಗುತ್ತದೆ. ಹಾಗೆಯೇ ಬಳಸೋಣವೆಂದರೆ ಕನ್ನಡದ ಓದುಗರು ಟಿವಿ ನಿರೂಪಕರನ್ನು ನೆನೆಸಿಕೊಳ್ಳುತ್ತಾರೆ.

ಈ ಪದ ಸೂಚಿಸುವ ಕ್ರಿಯೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಾಸ್ ಆಟದಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಲು ಹೊರಟಾಗ, ತಡೆಗಾರ ಎದುರಾಳಿಗೆ ಮುಖ ಕೊಟ್ಟುಕೊಂಡೇ ಹಿಂದಕ್ಕೆ ಜಾರುತ್ತಾ ಹೋಗುತ್ತಾನೆ. ಹಾಗೆ ಹಿಂದೆ ಸರಿಯುತ್ತಿರುವವನ ಎದೆಗೆ ಎದುರಾಳಿ ಎರಡೂ ಕೈಗಳನ್ನು ಕೊಟ್ಟು, ಓಡಿ ಬಂದ ವೇಗವನ್ನೆಲ್ಲ ಸೇರಿಸಿ, ಅವನನ್ನು ಕ್ವಾರ್ಟರ್‌ಬ್ಯಾಕನ ಮೇಲೆಯೇ ತಳ್ಳಿಕೊಂಡು ಹೋಗಲು ನೋಡುತ್ತಾನೆ. ಆಗ ತಡೆಗಾರ ಮಂಡಿ ಮಡಿಸಿ, ಸೊಂಟವನ್ನು ಎದುರಾಳಿಯ ಸೊಂಟಕ್ಕಿಂತ ಕೆಳಗಿಳಿಸಿ, ಬೇಕಿದ್ದರೆ ಒಂದು ಸಣ್ಣ ಜಿಗಿತದಲ್ಲಿ ಪಾದಗಳನ್ನು ತನ್ನ ಭಾರದ ಅಡಿಗೆ ತಂದುಕೊಂಡು, ಒಂದೆರಡು ಹೆಜ್ಜೆಗಳಲ್ಲಿ ಆ ನುಗ್ಗಾಟವನ್ನು ನಿಲ್ಲಿಸುತ್ತಾನೆ. ಮಂಡಿಯ ಬದಲು ನಡು ಬಗ್ಗಿಸುವವನ ತಲೆ ಮುಂದಕ್ಕೆ ವಾಲಿ ಸಮತೋಲ ತಪ್ಪುತ್ತದೆ. ಅಂಥವನನ್ನು ಎದುರಾಳಿ ತಳ್ಳಲೂ ಬಲ್ಲ, ಥಟ್ಟನೆ ಎಳೆದು ಮುಗ್ಗರಿಸುವಂತೆ ಮಾಡಲೂ ಬಲ್ಲ.

ಹೀಗಿರುವಾಗ ‘ಲಂಗರು’ ಸರಿಹೊಂದುವುದಿಲ್ಲ; ಅದು ಮೊದಲೇ ಕಟ್ಟಿ ನಿಲ್ಲಿಸಿದ ಹಡಗಿನ ಚಿತ್ರ. ‘ಅಲುಗದ ನಿಲುವು’, ‘ಸ್ಥಿರತೆ’ ಎಂಬವು ಇನ್ನೂ ದಾರಿ ತಪ್ಪಿಸುತ್ತವೆ, ಏಕೆಂದರೆ ಅಲುಗುವುದು ಇಲ್ಲಿ ದೋಷವೇ ಅಲ್ಲ. ಎಷ್ಟು ಹೆಜ್ಜೆ ಬಿಟ್ಟುಕೊಟ್ಟು ನಿಂತ ಎಂಬುದನ್ನೇ ಪರಿಶೀಲಕ ಗಮನಿಸುತ್ತಾನೆ.

‘ಬಲ’ ಅಥವಾ ‘ಕಸುವು’ ಎಂದು ಸುಮ್ಮನಾಗಬಾರದೇಕೆ ಎಂದು ಕೇಳಬಹುದು. ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿವರ್ಷ ನಡೆಯುವ ಕಂಬೈನ್ ಪರೀಕ್ಷೆಯಲ್ಲಿ ಬಲವನ್ನೂ ಅಳೆಯುತ್ತಾರೆ: ಬೆಂಚಿನ ಮೇಲೆ ಅಂಗಾತ ಮಲಗಿ 225 ಪೌಂಡ್ ಭಾರವನ್ನು ಎಷ್ಟು ಸಲ ಎತ್ತುತ್ತಾನೆಂಬ ಲೆಕ್ಕ. 2018ರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದ ಒರ್ಲಾಂಡೊ ಬ್ರೌನ್ ಜೂನಿಯರ್ ಅದನ್ನು ಎತ್ತಿದ್ದು 14 ಸಲ ಮಾತ್ರ. 40 ಗಜ ಓಡಲು 5.85 ಸೆಕೆಂಡು ತೆಗೆದುಕೊಂಡ. ಅವನ ಕಾಲೇಜು ಆಟವನ್ನು ಮೆಚ್ಚಿದವರೂ ಈ ಅಂಕಿಗಳನ್ನು ಕಂಡು ಹಿಂಜರಿದರು, ಮೂರನೆಯ ಸುತ್ತಿನಲ್ಲಿ 83ನೆಯವನಾಗಿ ಅವನು ಬಾಲ್ಟಿಮೋರ್ ತಂಡ ಸೇರಿದ. ಆಮೇಲೆ 2019ರಿಂದ 2022ರವರೆಗಿನ ನಾಲ್ಕೂ ಋತುಗಳಲ್ಲಿ ಲೀಗಿನ ತಾರಾ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದ. ಬೆಂಚಿನ ಮೇಲೆ ದುಡಿಯುವುದು ತೋಳು ಮತ್ತು ಎದೆ. ನುಗ್ಗಿ ಬರುವವನನ್ನು ನಿಲ್ಲಿಸುವುದು ಕಾಲು, ಸೊಂಟ, ಮೈಭಾರ ಮತ್ತು ಸಮಯಪ್ರಜ್ಞೆ. ಇವೆರಡಕ್ಕೂ ಒಂದೇ ಪದ ಬಳಸಿದರೆ ವರದಿಯ ಅರ್ಥವೇ ಕೆಡುತ್ತದೆ.

ಸದ್ಯಕ್ಕೆ ನನಗೆ ಒಪ್ಪಿಗೆಯಾಗಿರುವುದು ‘ಕಾಲೂರು’ ಎಂಬ ಕ್ರಿಯಾಪದ. ವರದಿಯ ಧಾಟಿಯಲ್ಲಿ ಅದು ಸಲೀಸಾಗಿ ಕೂರುತ್ತದೆ: ‘ಕೈ ಚುರುಕಾಗಿದೆ, ಆದರೆ ಸೊಂಟ ಇಳಿಯುವುದಿಲ್ಲ, ಭಾರದ ಎದುರಾಳಿ ನೇರವಾಗಿ ನುಗ್ಗಿದರೆ ಇವನು ಕಾಲೂರುವಷ್ಟರಲ್ಲಿ ಕ್ವಾರ್ಟರ್‌ಬ್ಯಾಕನ ಮಡಿಲಿಗೆ ಬಂದಿರುತ್ತಾನೆ.’ ಪತ್ರಿಕೆಗಳಲ್ಲಿ ಪಕ್ಷಗಳೂ ಕಂಪನಿಗಳೂ ಹೊಸ ಊರಿನಲ್ಲಿ ಕಾಲೂರುತ್ತಿರುತ್ತವೆ ನಿಜ, ಆದರೆ ಸಂದರ್ಭ ಸ್ಪಷ್ಟವಾಗಿರುವಾಗ ಅದು ಅಡ್ಡಿಯಾಗಲಾರದು. ತೊಂದರೆಯಿರುವುದು ನಾಮಪದದಲ್ಲಿ. ತೋಳುದ್ದ, ಪಾದಚಲನೆ ಮುಂತಾದ ಗುಣಗಳ ಕೋಷ್ಟಕಕ್ಕೆ ಒಂದೇ ಪದದ ತಲೆಬರಹ ಬೇಕು. ‘ಕಾಲೂರುವಿಕೆ’ ಎಳೆದಾಡಿದಂತಿದೆ. ತೋರು–ತೋರಿಕೆ, ಕೋರು–ಕೋರಿಕೆ, ಹೇರು–ಹೇರಿಕೆ ಎಂಬ ಜಾಡಿನಲ್ಲಿ ‘ಕಾಲೂರಿಕೆ’ ಎನ್ನಲು ವ್ಯಾಕರಣದ ಅಡ್ಡಿಯಿಲ್ಲವೆಂದುಕೊಂಡಿದ್ದೇನೆ. ಕಿವಿಗೆ ಹೇಗಿದೆಯೆಂದು ನೀವು ಹೇಳಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ ‘ರಾ’ (raw). ಮೈಕಟ್ಟು ಇದ್ದು ಆಟದ ವಿದ್ಯೆ ಸಾಲದವನಿಗೆ ಹೀಗೆನ್ನುತ್ತಾರೆ. ಸಿಡ್ನಿಯಲ್ಲಿ ರಗ್ಬಿ ಲೀಗ್ ಆಡುತ್ತಿದ್ದ, ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೇ ಆಡಿರದ ಜೋರ್ಡನ್ ಮೈಲಾಟನನ್ನು ಫಿಲಡೆಲ್ಫಿಯಾ 2018ರ ಏಳನೆಯ ಸುತ್ತಿನಲ್ಲಿ ತೆಗೆದುಕೊಂಡು ಎಡ ಟ್ಯಾಕಲ್ ಆಗಿ ಬೆಳೆಸಿತು. ‘ಎಳಸು’ ವಯಸ್ಸನ್ನೂ ಬುದ್ಧಿಯನ್ನೂ ಹಳಿದಂತಾಗುತ್ತದೆ, ‘ಕಚ್ಚಾ’ ಸರಕಿನ ಮಾತು. ‘ಪಳಗದ’ ಎಂಬುದು ನನಗೆ ಸರಿಯೆನಿಸಿದೆ, ಏಕೆಂದರೆ ಪಳಗಿಸಬಹುದು ಎಂಬ ಭರವಸೆ ಅದರೊಳಗೇ ಇದೆ.

ಕೊನೆಯದಾಗಿ, ಗರಡಿಯ ಮಾತು ಬಲ್ಲವರಲ್ಲಿ ಒಂದು ವಿಶೇಷ ಕೋರಿಕೆ. ಅಮೆರಿಕದ ಪರಿಶೀಲಕರು ತಡೆಗಾರನಿಗೆ ಕುಸ್ತಿಯ ಹಿನ್ನೆಲೆಯಿದ್ದರೆ ಅದನ್ನು ತಪ್ಪದೆ ಗುರುತು ಹಾಕಿಕೊಳ್ಳುತ್ತಾರೆ. 2020ರಲ್ಲಿ 13ನೆಯವನಾಗಿ ಟ್ಯಾಂಪಾ ಬೇ ತಂಡ ಸೇರಿದ ಟ್ರಿಸ್ಟನ್ ವರ್ಫ್ಸ್ ಪ್ರೌಢಶಾಲೆಯಲ್ಲಿದ್ದಾಗ ಅಯೋವಾ ರಾಜ್ಯದ ಕುಸ್ತಿ ಚಾಂಪಿಯನ್ ಆಗಿದ್ದವನು. ಮೈಸೂರು, ದಾವಣಗೆರೆ, ಬೆಳಗಾವಿ ಕಡೆಯ ಪೈಲ್ವಾನರು, ಎದುರಾಳಿ ನೂಕಿಕೊಂಡು ಬರುವಾಗ ಸೊಂಟ ಇಳಿಸಿ ಅವನನ್ನು ತಡೆದು ನಿಲ್ಲುವುದಕ್ಕೆ ಯಾವ ಪದ ಬಳಸುತ್ತಾರೆ? ಅಂಥ ಪದವೊಂದು ಬಳಕೆಯಲ್ಲಿದ್ದರೆ ‘ಕಾಲೂರಿಕೆ’ಯನ್ನು ಬಿಟ್ಟು ಅದನ್ನೇ ತಲೆಬರಹಕ್ಕೆ ತೆಗೆದುಕೊಳ್ಳುತ್ತೇನೆ. ಪದದ ಜೊತೆಗೆ ಅದು ಯಾವ ಸೀಮೆಯದು, ಯಾವ ಸಂದರ್ಭದಲ್ಲಿ ಕೇಳಿದ್ದು ಎಂಬುದನ್ನೂ ದಯವಿಟ್ಟು ತಿಳಿಸಿ.