ಪದ ಬೇಕು: ಹಿಡಿಕೆ ತಿರುಗಿಸಿದರೆ ಆಡುವ ಗೊಂಬೆಗೆ ಏನನ್ನೋಣ?

(ಬೆಳಗಾವಿಯಿಂದ)
ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ನಮ್ಮ ಓಣಿಯ ಮಕ್ಕಳ ರಜಾ ಶಿಬಿರದ ಪ್ರದರ್ಶನ ಭಾನುವಾರ ಇದೆ. ಬೋರ್ಡ್ ಬರೆಯುವವರು ನಾಳೆ ಸಂಜೆಯೊಳಗೆ ಹೆಸರು ಕೇಳಿದ್ದಾರೆ.

ತಂಗಿಯ ಸಂಸಾರ ಫ್ರಾನ್ಸಿನಲ್ಲಿದೆ. ಮಕ್ಕಳನ್ನು ಕರೆದುಕೊಂಡು ನಾಂತ್ ಊರಿನ ಯಂತ್ರಪ್ರಾಣಿಗಳನ್ನು ನೋಡಿ ಬಂದರು. ಹಡಗು ಕಟ್ಟುತ್ತಿದ್ದ ಹಳೆಯ ಜಾಗದಲ್ಲಿ 2007ರಲ್ಲಿ ಶುರುವಾದದ್ದು. ಮರ, ಉಕ್ಕಿನ ಆನೆಯೇ 12 ಮೀಟರ್ ಎತ್ತರ. ಸುಮಾರು 50 ಜನರನ್ನು ಹೊತ್ತು ನಡೆಯುತ್ತದೆ, ಸೊಂಡಿಲಿನಿಂದ ನೀರು ಚಿಮ್ಮಿಸುತ್ತದೆ. ವಿಡಿಯೊ ನೋಡಿದ್ದೇ ತಡ, ನಮ್ಮ ಹುಡುಗರು ರಟ್ಟು, ತಂತಿ ಹಿಡಿದು ಕೂತರು. ಒಬ್ಬಳು ಕೋಳಿ ಮಾಡಿದ್ದಾಳೆ. ಹಿಡಿಕೆ ತಿರುಗಿಸಿದರೆ ಪೆಟ್ಟಿಗೆಯೊಳಗಿನ ಗಾಲಿ ತಿರುಗುತ್ತದೆ. ಗಾಲಿಯ ತೂತು ನಟ್ಟನಡುವೆ ಇಲ್ಲ, ಒಂದು ಬದಿಗಿದೆ. ಹಾಗಾಗಿ ಮೇಲಿನ ಕಡ್ಡಿ ಏಳುತ್ತದೆ, ಇಳಿಯುತ್ತದೆ, ಕೋಳಿ ಕಾಳು ಹೆಕ್ಕುತ್ತದೆ. ಇಂಗ್ಲಿಷಿನಲ್ಲಿ ‘ಆಟೊಮ್ಯಾಟಾ’. ಕನ್ನಡದಲ್ಲಿ?

(ಧಾರವಾಡದಿಂದ)
‘ಸ್ವಯಂಚಾಲಿತ ಯಂತ್ರಪುತ್ಥಳಿ’. ಭೋಜರಾಜ 11ನೇ ಶತಮಾನದಲ್ಲೇ ‘ಸಮರಾಂಗಣ ಸೂತ್ರಧಾರ’ ಎಂಬ ಸಂಸ್ಕೃತ ಗ್ರಂಥದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ಇದ್ದ ಪದ ಬಿಟ್ಟು ಹೊಸದು ಯಾಕೆ?

(ವಿಜಯಪುರದಿಂದ)
ಬೇಡ. ಕೈ ಬಿಟ್ಟರೆ ನಿಲ್ಲುವ ಕೋಳಿ ಅದು ಹೇಗೆ ಸ್ವಯಂಚಾಲಿತ? ಆ ಆನೆಗೂ ಚಾಲಕ ಇದ್ದಾನೆ. ಲಂಡನ್ನಿನಲ್ಲಿರುವ ಟಿಪ್ಪುವಿನ ಹುಲಿಯನ್ನು ನೆನೆಯಿರಿ, ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತುಕೊಂಡು ಹೋದದ್ದು. ಅದಕ್ಕೂ ಹಿಡಿಕೆಯೇ. ತಿರುಗಿಸಿದರೆ ಕೆಳಗೆ ಬಿದ್ದ ಆ ಬಿಳಿಯನ ಕೈ ಮೇಲೆ ಕೆಳಗೆ ಆಡುತ್ತದೆ. ಒಳಗಿನ ತಿದಿ ಗಾಳಿ ಊದಿ ಅವನ ನರಳಾಟ, ಹುಲಿಯ ಗರ್ಜನೆ ಎರಡನ್ನೂ ಹೊರಡಿಸುತ್ತದೆ. ತಿರುಗಿಸುವ ಕೈ ಇಲ್ಲದೆ ಯಾವುದೂ ಇಲ್ಲ. ‘ಕೀಲುಗೊಂಬೆ’ ಅನ್ನಿ, ಮುಗಿಯಿತು. ಜಾತ್ರೆಯಲ್ಲಿ ಕೀಲುಕುದುರೆ ಅಂತ ಕುಣಿಸುತ್ತಾರಲ್ವಾ?

(ಧಾರವಾಡದಿಂದ)
ನನ್ನ ಸಂಸ್ಕೃತ ಪದ ಬೇಡ ಅಂದವರು ಕೊಟ್ಟ ಪದವೂ ಸಂಸ್ಕೃತದ ‘ಕೀಲ’ದ್ದೇ!

(ಬಾಗಲಕೋಟೆಯಿಂದ)
ಅದಕ್ಕೇ ಹೇಳುತ್ತೇನೆ, ಎರಡೂ ಬೇಡ. ‘ತಿರುಗೊಂಬೆ’. ತಿರುಗು, ಗೊಂಬೆ, ಎರಡೂ ನಮ್ಮವು. ಕನ್ನಡದ ಬೇರಿನಿಂದಲೇ ಪದ ಕಟ್ಟಬೇಕು. ಇದರಲ್ಲಿ ರಾಜಿ ಇಲ್ಲ.

(ವಿಜಯಪುರದಿಂದ)
ತಿರುಗುವುದು ಹಿಡಿಕೆ, ಗೊಂಬೆಯಲ್ಲ. ‘ತಿರುಗೊಂಬೆ’ ಅಂದರೆ ಬುಗುರಿಯ ಹಾಗೆ ಸುತ್ತುವುದು ಅಂದುಕೊಳ್ಳುತ್ತಾರೆ. ಮೂಲ ಎಲ್ಲಿಯದೇ ಇರಲಿ, ಕೀಲು ನಮ್ಮ ಬಾಯಲ್ಲಿ ನಮ್ಮದೇ ಆಗಿದೆ. ಚಕ್ಕಡಿಗೂ ಕೀಲು, ಮೊಣಕಾಲಿಗೂ ಕೀಲು. ನಾವು ದಿನಾ ಅನ್ನುವ ‘ಚಾವಿ’ ಪೋರ್ಚುಗೀಸರದು. ಅದನ್ನೂ ಗಡಿ ದಾಟಿಸುತ್ತೀರಾ?

(ಬೆಳಗಾವಿಯಿಂದ)
ಎಲ್ಲರಿಗೂ ಧನ್ಯವಾದ. ಒಂದೇ ಅನುಮಾನ. ನಮ್ಮ ಕಡೆ ಕೀಲಿ ಅಂದರೆ ಬೀಗ. ಚಾವಿ ಕೊಟ್ಟು ಬಿಟ್ಟರೆ ಓಡುವ ಗೊಂಬೆ ಅಂತ ಯಾರಾದರೂ ತಿಳಿದರೆ? ಅದು ಸ್ಪ್ರಿಂಗಿನದು, ಜಾತಿಯೇ ಬೇರೆ. ಮತ್ತೆ, ಆ ಬದಿಗೆ ತೂತಿರುವ ಗಾಲಿಗೆ ಏನು ಬರೆಯಲಿ?

(ವಿಜಯಪುರದಿಂದ)
ಕೀಲಿ ಬೇರೆ, ಕೀಲು ಬೇರೆ. ದೊಡ್ಡದಾಗಿ ‘ಕೀಲುಗೊಂಬೆಗಳು’, ಕೆಳಗೆ ‘ಹಿಡಿಕೆ ತಿರುಗಿಸಿ ನೋಡಿ’ ಅಂತ ಬರೆಸಿರಿ. ಯಾರಿಗೂ ಗೊಂದಲ ಆಗುವುದಿಲ್ಲ. ಗಾಲಿಗೆ ‘ಕ್ಯಾಮ್’ ಸಾಕು. ನಿಮ್ಮ ಉದ್ಯಮಬಾಗದಲ್ಲಿ ಲೇತ್ ಮುಂದೆ ನಿಂತವರನ್ನು ಕೇಳಿ, ಅವರ ಬಾಯಲ್ಲಿ ಇರುವುದೂ ಅದೇ.

(ಬಾಗಲಕೋಟೆಯಿಂದ)
ಕ್ಯಾಮ್ ಒಪ್ಪುವುದಾದರೆ ಆಟೊಮ್ಯಾಟಾ ಏನು ತಪ್ಪು ಮಾಡಿತ್ತು? ‘ಓರೆಗಾಲಿ’ ಅನ್ನಿ.

(ಬೆಳಗಾವಿಯಿಂದ)
ಬೋರ್ಡಿಗೆ ‘ಕೀಲುಗೊಂಬೆಗಳು’ ಕಳಿಸಿದೆ. ಕೋಳಿ ಪೆಟ್ಟಿಗೆಯ ಚೀಟಿಯಲ್ಲಿ ‘ಓರೆಗಾಲಿ (ಕ್ಯಾಮ್)’ ಅಂತ ಎರಡನ್ನೂ ಬರೆಸುತ್ತೇನೆ.